ಮಸಿಯಿಲ್ಲದ ಸೊಸೆ

ನನ್ನ ಮಗ ಶ್ರೀಕಂಠನಿಗೆ ಹೆಣ್ಣು ನೋಡಲು ಹೋದ ದಿನ ನಮ್ಮ ಯಜಮಾನರು ಹುಡುಗಿಯ ಮುಖ ನೋಡಿದ್ದು ಆಮೇಲೆ. ಮೊದಲು ನೋಡಿದ್ದು ಅಂಗೈ. ನಮ್ಮೂರಲ್ಲಿ ಎಲ್ಲರೂ ಹಾಗೆಯೇ ನೋಡುವುದು. ಹುಡುಗಿಯನ್ನು ಬಾಗಿಲ ಬೆಳಕಿಗೆ ಕರೆದು, ಎರಡೂ ಕೈ ಮುಂದೆ ಚಾಚಿಸಿ, ಬೆರಳ ಸಂದಿಯನ್ನೂ ಬಿಡದೆ ಪರೀಕ್ಷೆ ಮಾಡುತ್ತಾರೆ. ನೀಲಾಂಬಿಕೆಯ ಅಂಗೈ ಆಗಷ್ಟೇ ತೊಳೆದ ತಟ್ಟೆಯ ಹಾಗಿತ್ತು. ಸಾಸಿವೆಯಷ್ಟು ಚುಕ್ಕೆ ಕೂಡ ಇರಲಿಲ್ಲ. "ತಾಯಿಯಿಲ್ಲದ ಹುಡುಗಿ, ಆದ್ರೂ ಎಷ್ಟು ತಗ್ಗಿ ಬಗ್ಗಿ ಬೆಳೆದಾಳೆ ನೋಡ್ರಿ" ಎಂದು ನಮ್ಮ ಯಜಮಾನರು ಹೊಗಳಿದರು. ಹುಡುಗಿಯ ಅಪ್ಪ ಚೆನ್ನವೀರಯ್ಯ, ಮಗ್ಗ ನಡೆಸುವ ಮನುಷ್ಯ, ಯಾಕೋ ಮಗಳನ್ನು ಕಾಫಿ ತರಲು ಅವಸರದಿಂದ ಒಳಗೆ ಕಳಿಸಿದ. ನಾನು ಹಿಂದೆ ಚಾಪೆಯ ಅಂಚಿನಲ್ಲಿ ಎರಡೂ ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡು ಕೂತಿದ್ದೆ. ಹುಡುಗಿ ಕಾಫಿ ಕೊಡಲು ಬಂದಾಗ ಲೋಟ ಹಿಡಿಯಲು ಕೈ ಹೊರಗೆ ತೆಗೆಯಲೇಬೇಕಾಯಿತು. ಉಳಿದವರಾಗಿದ್ದರೆ ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದರು. ಅವಳು ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು, ಅಷ್ಟು ಹೊತ್ತು ನನ್ನ ಮುಖವನ್ನು ಯಾರಾದರೂ ನೋಡಿ ಬಹಳ ಕಾಲವಾಗಿತ್ತು.

ನಮ್ಮೂರಲ್ಲಿ ಒಬ್ಬರು ಮಾಡಿದ ತಪ್ಪನ್ನು ಇನ್ನೊಬ್ಬರು ಕಂಡು ಸುಮ್ಮನಿದ್ದರೆ, ಕಂಡವರ ಅಂಗೈಗೆ ಮಸಿ ಹತ್ತುತ್ತದೆ. ತಪ್ಪು ಮಾಡಿದವರ ಕೈಗೆ ಏನೂ ಆಗುವುದಿಲ್ಲ. ಕಂಡವರು ಅದನ್ನು ಬಾಯಿಬಿಟ್ಟು ಹೇಳಿದರೆ ಕೇಳಿಸಿಕೊಂಡವರ ಕೈಗೂ ಹತ್ತುತ್ತದೆ. ಸೀಗೆಪುಡಿಗೆ ಹೋಗುವುದಿಲ್ಲ, ಹುಣಸೆಹಣ್ಣಿಗೆ ಹೋಗುವುದಿಲ್ಲ. ಮಾಡಿದವರ ಎದುರು ನಿಂತು 'ನೀನು ಹೀಗೆ ಮಾಡಿದೆ' ಎಂದರೆ ಮಾತ್ರ ಹೋಗುತ್ತದೆ. ಇಷ್ಟು ಸುಲಭದ ದಾರಿ ಇರುವಾಗ ಊರಿಗೆ ಊರೇ ಯಾಕೆ ಒದ್ದಾಡಬೇಕು ಎಂದು ಹೊರಗಿನವರು ಕೇಳಿಯಾರು. ಹೊರಗಿನವರಿಗೆ ಎಲ್ಲವೂ ಸುಲಭ. ನಮ್ಮವರು ಹೇಳುವುದಕ್ಕಿಂತ ನೋಡದಿರುವುದನ್ನು ಕಲಿತರು. ಪಕ್ಕದ ಮನೆಯ ಕಡೆಗೆ ಯಾರೂ ಕಿಟಕಿ ಇಡುವುದಿಲ್ಲ. ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು ಜೋರಾಗಿ ಕೆಮ್ಮಬೇಕು, ಒಳಗೆ ನಡೆಯುತ್ತಿರುವುದು ಏನೇ ಇದ್ದರೂ ನಿಲ್ಲುವಷ್ಟು ಹೊತ್ತು ಕಾಯಬೇಕು. ಶಾಲೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಗೋಡೆಗೆ ಮುಖ ತಿರುಗಿಸುವುದನ್ನು ಹೇಳಿಕೊಡುತ್ತಾರೆ. ಹೀಗೆ ಬೆಳೆದವರ ಕೈ ಸ್ವಚ್ಛ, ಅವರು ಮರ್ಯಾದಸ್ಥರು. ಮನೆಗೆಲಸದವರಿಗೆ, ಗಾಡಿ ಹೊಡೆಯುವವರಿಗೆ ಆ ಅನುಕೂಲವಿಲ್ಲ. ದೊಡ್ಡವರ ಮನೆಯೊಳಗೆ ಓಡಾಡುವ ಅವರ ಕಣ್ಣಿಗೆ ಎಲ್ಲ ಬೀಳುತ್ತದೆ. ಮೊಣಕೈವರೆಗೆ ಮಸಿ ಹತ್ತಿದ ಅವರಿಗೆ ಹೋಟೆಲಿನಲ್ಲಿ ಬೇರೆ ಲೋಟ.

ನನಗೆ ಹೆಗಲವರೆಗೆ ಹತ್ತಿತ್ತು. ನನ್ನ ಗಂಡ ಹಾಲಪ್ಪನವರು ಊರಿನ ನ್ಯಾಯದ ಕಟ್ಟೆಯ ಯಜಮಾನರು. ಅವರ ಅಂಗೈಯಷ್ಟು ಸ್ವಚ್ಛವಾದ ಅಂಗೈ ಊರಲ್ಲೇ ಇರಲಿಲ್ಲ. ಹುಟ್ಟಿದ ಮಕ್ಕಳನ್ನು ಅವರ ಕೈಯಿಂದ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಹೊಸ ಅಂಗಡಿಯ ಬೀಗ ಅವರೇ ತೆಗೆಯಬೇಕು. ಅದೇ ಕೈಯಿಂದ ಅವರು ಮನೆಯಲ್ಲಿ ನನ್ನನ್ನು ಹೊಡೆಯುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ, ಕರೆದಾಗ ಓಗೊಡುವುದು ತಡವಾದರೆ, ಕೆಲವು ಸಲ ಏನೂ ಇಲ್ಲದೆಯೂ. ಹೊಡೆಯುವ ಮುಂಚೆ ಕನ್ನಡಕ ತೆಗೆದು ಗೂಡಿನಲ್ಲಿ ಇಡುತ್ತಿದ್ದರು. ಆ ಸದ್ದಿಗೆ ಶ್ರೀಕಂಠ ಎಲ್ಲಿದ್ದನೋ ಅಲ್ಲೇ ಗೋಡೆಗೆ ತಿರುಗುತ್ತಿದ್ದ. ಪುಟ್ಟವನಿದ್ದಾಗ ನಾನೇ ಭುಜ ಹಿಡಿದು ತಿರುಗಿಸಿದ್ದೆ, ಮಗುವಿನ ಕೈ ಕೆಡಬಾರದು ಎಂದು. ನನಗೆ ತಿರುಗಲು ಗೋಡೆ ಇರಲಿಲ್ಲ. ನನ್ನ ಮೇಲೆ ಬೀಳುವ ಏಟನ್ನು ನಾನು ಕಾಣದೆ ಇರುವುದು ಹೇಗೆ? ಕಂಡು ಸುಮ್ಮನಿದ್ದುದಕ್ಕೆ ವರ್ಷ ವರ್ಷವೂ ಮಸಿ ಮೇಲೇರಿತು. ಊರಿನ ಹೆಂಗಸರು ನನ್ನ ತೋಳು ನೋಡಿ, "ಪಾಪ, ಅಂಥ ದೇವರಂಥ ಮನುಷ್ಯನಿಗೆ ಎಂಥಾಕಿ ಗಂಟುಬಿದ್ದಳು" ಎಂದು ಅವರಿಗಾಗಿ ಮರುಗುತ್ತಿದ್ದರು.

ನೀಲಾ ಸೊಸೆಯಾಗಿ ಮನೆಗೆ ಬಂದ ಹೊಸದರಲ್ಲಿ ಯಜಮಾನರು ಕೈ ತಡೆದುಕೊಂಡಿದ್ದರು. ಹೊಸಬರು ಬಂದಾಗ ಯಾವಾಗಲೂ ಸ್ವಲ್ಪ ದಿನ ಹಾಗೆ. ಒಂದು ಮಂಗಳವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ನೀಲಾಳ ಬೆರಳು ಕಿವಿಯ ಹಿಂದೆ ಗಂಟು ಕಟ್ಟಿದ್ದ ಹಳೆಯ ಗಾಯದ ಮೇಲೆ ನಿಂತಿತು. "ಇದೇನತ್ತೆ?" ಎಂದಳು. "ಬಚ್ಚಲಲ್ಲಿ ಜಾರಿ ಬಿದ್ದಿದ್ದೆ" ಎಂದೆ. "ಕಿವಿ ಹಿಂದೆ ಪೆಟ್ಟು ಬೀಳೋ ಹಂಗೆ ಹೆಂಗೆ ಜಾರಿದ್ರಿ?" ಎಂದು ಕೇಳಿದಳು. ನನಗೆ ನಗು ಬಂತು, ಸಿಟ್ಟೂ ಬಂತು. "ಇಂಥದ್ದೆಲ್ಲ ಕೇಳಬಾರದು ಕಣವ್ವ. ನಿನ್ನ ಕೈ ನಿನಗೆ ಬ್ಯಾಡವಾ?" ಎಂದೆ. ಅವಳು ಮತ್ತೆ ಎಣ್ಣೆ ತಿಕ್ಕಲು ಶುರುಮಾಡಿದಳು. ಅವಳ ಕೈ ನೋಡದೆ ಬೆಳೆದು ಸ್ವಚ್ಛವಾಗಿದ್ದಲ್ಲ, ಕಂಡದ್ದನ್ನೆಲ್ಲ ಕಂಡ ಕೂಡಲೇ ಮುಖದ ಮೇಲೆ ಹೇಳಿ ಹೇಳಿ ಸ್ವಚ್ಛವಾಗಿದ್ದು ಎಂದು ನನಗೆ ಆಗ ಗೊತ್ತಿರಲಿಲ್ಲ. ಮಗಳ ಬಾಯಿಯ ದೆಸೆಯಿಂದ ಚೆನ್ನವೀರಯ್ಯ ಓಣಿಯಿಂದ ಓಣಿಗೆ ಮನೆ ಬದಲಿಸುತ್ತಾ ಬಂದಿದ್ದನಂತೆ. ಯಾಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕೇಳಿದವರ ಕೈ ಕೆಡುತ್ತದಲ್ಲ.

ಅದೇ ವಾರ ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿ ಆರಿದೆ ಎಂದು ಅವರ ಕನ್ನಡಕ ಗೂಡು ಸೇರಿತು. ಶ್ರೀಕಂಠ ತಟ್ಟೆಯನ್ನೂ ಎತ್ತಿಕೊಂಡು ಗೋಡೆಗೆ ತಿರುಗಿದ. ನಾನು ಕಣ್ಸನ್ನೆಯಲ್ಲಿ ನೀಲಾಳಿಗೂ ತಿರುಗಲು ಹೇಳಿದೆ. ಅವಳು ಅನ್ನದ ಚಮಚ ಹಿಡಿದು ನಿಂತೇ ಇದ್ದಳು. ಮೊದಲ ಏಟಿಗೆ ನನ್ನ ತಲೆ ಕಂಬಕ್ಕೆ ತಾಗಿತು. ಎರಡನೆಯದಕ್ಕೆ ಕೈ ಎತ್ತಿದಾಗ ಅವಳ ದನಿ ಕೇಳಿಸಿತು. ಕಿರುಚಲಿಲ್ಲ, ಅಳಲಿಲ್ಲ. ಸಂತೆಯಿಂದ ಏನು ತರಬೇಕು ಎಂದು ಹೇಳುವವರ ಹಾಗೆ ಹೇಳಿದಳು. "ಮಾವ, ನೀವು ಅತ್ತೆಗೆ ಹೊಡೆದ್ರಿ. ಅದು ತಪ್ಪು."

ಅವರ ಕೈ ಗಾಳಿಯಲ್ಲೇ ನಿಂತಿತು. ಅಷ್ಟು ವಯಸ್ಸಾದ ಮನುಷ್ಯನಿಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ನಿಧಾನಕ್ಕೆ ಕೈ ಇಳಿಸಿದರು, ಕನ್ನಡಕ ಹಾಕಿಕೊಂಡರು, ಕೂತರು. "ಮಜ್ಜಿಗೆ ಹಾಕು" ಎಂದರು. ಸೊಸೆಗಲ್ಲ, ನನಗೆ. ನಾನು ಹಾಕಿದೆ. ಆಗ ಗೋಡೆಯ ಕಡೆಯಿಂದ ತಟ್ಟೆ ಬಿದ್ದ ಸದ್ದಾಯಿತು. ಶ್ರೀಕಂಠ ತನ್ನ ಅಂಗೈಯನ್ನೇ ನೋಡುತ್ತಿದ್ದ. ನಡುಮಧ್ಯದಲ್ಲಿ ಕಾಸಿನಗಲ ಮಸಿ ಎದ್ದಿತ್ತು, ನೋಡನೋಡುತ್ತಾ ಬೆರಳಿನತ್ತ ಹರಡಿತು. ಕಣ್ಣು ಮುಚ್ಚಿಕೊಂಡು ಕಾಪಾಡಿಕೊಂಡದ್ದು ಕಿವಿಯಿಂದ ಹೋಯಿತು.

ಅವನು ದಿನವಿಡೀ ಬಚ್ಚಲಿನಲ್ಲಿ ಕೈ ಉಜ್ಜಿದ. ನೀಲಾ ಬಾಗಿಲಲ್ಲಿ ನಿಂತು, "ಅದಕ್ಕೆ ನೀರು ಯಾಕೆ ಖರ್ಚು ಮಾಡ್ತೀರಿ? ಮಾವ ಪಡಸಾಲೇಲಿ ಕೂತಾರೆ. ಹೋಗಿ ಒಂದ್ ಮಾತು ಹೇಳಿ" ಎಂದಳು. "ಅಪ್ಪಗೆ ಹೆಂಗೆ ಹೇಳ್ಲಿ?" ಎಂದ ಅವನು. "ನಾನು ಹೇಳಿದಂಗೆ." "ನಿನಗೇನು, ನೀನು ಬೇರೆ ಮನೆಯಿಂದ ಬಂದಾಕಿ. ನನ್ನ ಕೈ ಕೆಡಿಸಿದೆಯಲ್ಲೇ, ನಿನಗೆ ನಾನೇನು ಮಾಡಿದ್ದೆ?" ಎನ್ನುತ್ತಾ ಅವನು ಅತ್ತುಬಿಟ್ಟ. ಗಂಡ ಅಳುವುದನ್ನು ನೋಡಿ ಅವಳಿಗೂ ಕಣ್ಣು ತುಂಬಿತು. ಅವನು ಮರುದಿನ ಕೈಗವಸು ಕೊಂಡು ತಂದ. ಹೆಂಡತಿಯ ಜೊತೆ ಮಾತು ಬಿಟ್ಟ.

ಆ ಊಟದ ನಂತರ ಯಜಮಾನರು ನನ್ನ ಮೇಲೆ ಕೈಯೆತ್ತಲಿಲ್ಲ. ಅದು ನನಗೆ ನೆಮ್ಮದಿ ತರಲಿಲ್ಲ. ಬೀಳುವ ಏಟಿಗಿಂತ ಬೀಳದೆ ಉಳಿದ ಏಟು ಹೆಚ್ಚು ಹೆದರಿಸುತ್ತದೆ. ನಾನೇ ಸೊಸೆಯ ಮೇಲೆ ರೇಗಿದೆ. "ನಿನ್ನನ್ನ ಯಾರು ಕೇಳಿದ್ರು? ನನ್ನ ಮನೆ ಹೆಂಗೋ ನಡೀತಿತ್ತು" ಎಂದೆ. ನೀಲಾ ಕೊತ್ತಂಬರಿ ಸೋಸುತ್ತಿದ್ದವಳು ತಲೆಯೆತ್ತಿದಳು. "ನಿಮಗೋಸ್ಕರ ಹೇಳಲಿಲ್ಲ ಅತ್ತೆ. ಹೇಳದಿದ್ರೆ ನನಗೆ ಅನ್ನ ಇಳೀತಿರಲಿಲ್ಲ" ಎಂದಳು.

ಹಾಲಪ್ಪನವರು ಬುದ್ಧಿವಂತರು. ಸೊಸೆಗೆ ಕೈಮಾಡಲಿಲ್ಲ. ಅವಳ ಮೇಲೆ ಕಟ್ಟೆಗೆ ದೂರು ಕೊಟ್ಟರು. ನಮ್ಮೂರಲ್ಲಿ ಕಳ್ಳತನಕ್ಕೆ, ಮೋಸಕ್ಕೆ ಶಿಕ್ಷೆ ಆಗಿದ್ದನ್ನು ನಾನು ಕಂಡಿಲ್ಲ. ದೂರು ಹೇಳಲು ಕಂಡವರು ಇರಬೇಕಲ್ಲ? ಕೈಗೇಡಿಗಳಿಗೆ ಮಾತ್ರ ಶಿಕ್ಷೆ ತಪ್ಪುತ್ತಿರಲಿಲ್ಲ. ಕೈಗೇಡಿ ಎಂದರೆ ಬಾಯಿಬಿಟ್ಟು ಹೇಳಿ ಇನ್ನೊಬ್ಬರ ಕೈ ಕೆಡಿಸುವವರು.

ದೂರು ಕೊಟ್ಟ ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಊರು ನೆರೆಯಿತು. ಕಟ್ಟೆಯ ಮೇಲೆ ನಮ್ಮ ಯಜಮಾನರು ನಡುವೆ ಕೂತರು, ಅವರ ಬಲಕ್ಕೆ ಮುದುಕ ವೀರಭದ್ರಯ್ಯ, ಕಿವಿ ಮಂದ. ಶ್ರೀಕಂಠ ಕೈಗವಸು ತೆಗೆದು ಅಂಗೈ ತೋರಿಸಿದ. ಹೆಂಗಸರು ಅಯ್ಯೋ ಎಂದರು. "ನಿನ್ನ ಗಂಡನ ಕೈ ಕೆಡಿಸಿದ್ದು ನೀನೇ ಏನವ್ವ?" ಎಂದು ಕಟ್ಟೆಯ ಮೇಲಿನವರು ಕೇಳಿದರು. "ಹೌದು" ಎಂದಳು ನೀಲಾ. ಅಲ್ಲಿಗೆ ಮುಗಿಯಬೇಕಿತ್ತು. ಹೇಳಿದ್ದೇನು ಎಂದು ಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ವೀರಭದ್ರಯ್ಯ ಕಿವಿಗೆ ಕೈ ಅಡ್ಡ ಹಿಡಿದು, "ಏನಂದಳು? ನನಗೆ ಕೇಳಿಸಲಿಲ್ಲ. ಜೋರಾಗಿ ಹೇಳಲಿ" ಎಂದುಬಿಟ್ಟ. ಪಕ್ಕದವರು ಅವನ ಬಾಯಿ ಮುಚ್ಚುವಷ್ಟರಲ್ಲಿ ನೀಲಾ ಮರದ ಮೇಲಿನ ಹಕ್ಕಿಗೂ ಕೇಳುವ ಹಾಗೆ ಹೇಳಿದಳು. "ನಮ್ಮ ಮಾವ ಹಾಲಪ್ಪನವರು ನಮ್ಮ ಅತ್ತೆಗೆ ಹೊಡೀತಾರೆ."

ಕಿವಿ ಮುಚ್ಚಿಕೊಂಡವರು ತಡವಾಗಿ ಮುಚ್ಚಿಕೊಂಡಿದ್ದರು. ಹಿಂದಿನ ಸಾಲಿನಿಂದ ಒಂದು ಕೂಗು ಎದ್ದಿತು, ಆಮೇಲೆ ಎಲ್ಲ ಕಡೆಯಿಂದ. ಶಾಲೆಯ ಮೇಷ್ಟರು, ಅಂಗಡಿಯವರು, ಪೂಜೆಯವರು ಅಂಗೈ ಬಿಡಿಸಿ ನೋಡಿಕೊಂಡರು, ಬಟ್ಟೆಗೆ ಒರೆಸಿದರು, ಮಣ್ಣಿಗೆ ಉಜ್ಜಿದರು. ತಪ್ಪು ಮಾಡಿದ ಮನುಷ್ಯ ಎದುರಿಗೇ ಕೂತಿದ್ದ. ಅಲ್ಲಿದ್ದ ಯಾರಾದರೂ ತಲೆಯೆತ್ತಿ ಒಂದು ಮಾತು ಆಡಿದ್ದರೆ ಕೈ ತಿಳಿಯಾಗುತ್ತಿತ್ತು. ಅವರೆಲ್ಲ ತಿರುಗಿ ನೀಲಾಳನ್ನು ಬೈದರು. ಒಬ್ಬ ಕಲ್ಲನ್ನೂ ಎತ್ತಿಕೊಂಡ.

ಆಗ ನಮ್ಮ ಯಜಮಾನರು ಕಟ್ಟೆಯಿಂದಿಳಿದು ಬಂದು ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು. ಸೆರಗು ಸರಿಸಿ ನನ್ನ ಎರಡೂ ತೋಳನ್ನು ಊರಿಗೆ ತೋರಿಸಿದರು. "ನೋಡ್ರಿ ಇದನ್ನ. ಇಂಥ ಕೈಯಾಕೀನ ಇಷ್ಟು ವರ್ಷ ಮನೇಲಿಟ್ಟುಕೊಂಡು ಅನ್ನ ಹಾಕೀನಿ. ನಾನು ಕೆಟ್ಟವನಾಗಿದ್ರೆ ನನ್ನ ಕೈ ಯಾಕೆ ಹಿಂಗಿದೆ, ಇವಳದ್ದು ಯಾಕೆ ಹಂಗಿದೆ?" ಎಂದರು. ಜನ ಹೌದು ಹೌದು ಎಂದು ತಲೆ ಆಡಿಸಿದರು. ಹೊಡೆತ ತಿಂದು ಅಭ್ಯಾಸವಿತ್ತು ನನಗೆ. ಹೊಡೆತದ ಗುರುತನ್ನೇ ನನ್ನ ತಪ್ಪಿಗೆ ಸಾಕ್ಷಿ ಎಂದು ಹಿಡಿದು ತೋರಿಸಿದ್ದು ಅದೇ ಮೊದಲು. ನನ್ನ ಬಾಯಿಂದ ಮಾತು ತಾನಾಗಿ ಬಂತು. "ಹೊಡೆದ್ರಿ. ಮದುವೆಯಾದ ವರ್ಷದಿಂದ ಹೊಡೀತಾ ಬಂದ್ರಿ. ಬಸುರಿ ಇದ್ದಾಗಲೂ ಬಿಡಲಿಲ್ಲ."

ಹೆಗಲಿನಿಂದ ಮಸಿ ಇಳಿಯತೊಡಗಿತು. ಎರೆದುಕೊಳ್ಳುವಾಗ ಬಿಸಿನೀರು ಇಳಿದ ಹಾಗೆ ಇಳಿದು ಬೆರಳ ತುದಿಯಿಂದ ಹೋಯಿತು. ಮಸಿಯ ಕೆಳಗೆ ಏನಿದೆಯೆಂದು ನನಗೇ ಮರೆತುಹೋಗಿತ್ತು. ಮೊಣಕೈಯಲ್ಲಿ ಸೌಟು ಕಾಸಿ ಇಟ್ಟ ಬರೆ, ಅಡ್ಡಾದಿಡ್ಡಿಯಾಗಿ ಕೂಡಿಕೊಂಡ ಮೂಳೆ, ಒಂದರ ಮೇಲೊಂದು ಬಿದ್ದ ಗಾಯದ ಗೆರೆ. ಇಷ್ಟು ಕಾಲ ಮಸಿ ಅವನ್ನೆಲ್ಲ ಮುಚ್ಚಿಟ್ಟಿತ್ತು. ಹಗಲಿನಲ್ಲಿ ಊರೆಲ್ಲ ಅವನ್ನು ಕಂಡಿತು. ಕಂಡ ಕೂಡಲೇ ಊರೆಲ್ಲ ತಲೆ ತಗ್ಗಿಸಿತು. ಕಲ್ಲೆತ್ತಿಕೊಂಡವನೂ ಅದನ್ನು ಕೆಳಗೆ ಹಾಕಿ ಕಾಲಿನಿಂದ ಬದಿಗೆ ಸರಿಸಿದ. ಅವತ್ತು ಅವರ ಕೈಗಳಿಗೆ ಎರಡನೆಯ ಪದರ ಹತ್ತಿತು. ಅವತ್ತಿನಿಂದ ನಾನು ಆ ಮನುಷ್ಯನನ್ನು ಬರೀ ಹೆಸರು ಹಿಡಿದೇ ಹೇಳುತ್ತೇನೆ, ಹಾಲಪ್ಪ ಎಂದು.

ಇನ್ನಾದರೂ ಊರಿನ ಕಣ್ಣು ತೆರೆದೀತು ಎಂದುಕೊಂಡೆವು ನಾವಿಬ್ಬರೂ. ಊರು ಬೇರೆ ಉಪಾಯ ಕಂಡುಕೊಂಡಿತು. ಎಲ್ಲರ ಕೈಗೂ ಮಸಿ ಹತ್ತಿದ ಮೇಲೆ ಮಸಿಯಲ್ಲಿ ನಾಚಿಕೆ ಉಳಿಯಲಿಲ್ಲ. ಮೊದಮೊದಲು ಕೈಗವಸು ಹಾಕಿಕೊಂಡರು. ಬಿಸಿಲು ಹೆಚ್ಚಾದ ಮೇಲೆ ತೆಗೆದರು. ಆಮೇಲೆ ಮದುವೆ ಮಾತಿಗೆ ಹೋದವರು ಹುಡುಗಿಯ ಕೈಯಲ್ಲಿ ಮಸಿ ಇದೆಯೋ ಇಲ್ಲವೋ ಎಂದು ನೋಡುವುದು ಶುರುವಾಯಿತು. ಮಸಿ ಇದ್ದರೆ ತಡೆದುಕೊಂಡು ಬಾಳುವವಳು, ಮನೆತನದವಳು. ಇಲ್ಲದಿದ್ದರೆ ಬಾಯಿಬಡುಕಿ. ಹೋಟೆಲಿನಲ್ಲಿ ಬೇರೆ ಲೋಟ ಈಗ ನಮಗೆ ಇಟ್ಟರು, ನನಗೂ ನೀಲಾಳಿಗೂ. ಮೊಣಕೈವರೆಗೆ ಮಸಿಯಿದ್ದ ಮನೆಗೆಲಸದವರಿಗೆ ಇದರಿಂದ ಲಾಭವಾಗಬೇಕಿತ್ತು. ಅವರ ಮಸಿ ಹಳೆಯದು, ಅದು ಬೇರೆ ಜಾತಿಯದು ಎಂದು ಹೇಳಿ ಅವರ ಲೋಟವನ್ನು ಅಲ್ಲೇ ಬಿಟ್ಟರು.

ಹಾಲಪ್ಪ ನಮ್ಮಿಬ್ಬರನ್ನೂ ಮನೆಯಿಂದ ಹೊರಗೆ ಹಾಕಿದ ಮೇಲೆ ಚೆನ್ನವೀರಯ್ಯ ತನ್ನ ಮಗ್ಗದ ಹಿಂದಿನ ಕೊಟ್ಟಿಗೆಯಲ್ಲಿ ನಮಗೆ ಇರಲು ಜಾಗ ಕೊಟ್ಟ. ಮುಖ ನೋಡದೆ ಕೊಟ್ಟ, ಆದರೂ ಕೊಟ್ಟ. ನಾವು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದೆವು, ಅವನು ತನ್ನದೆಂದು ಹೇಳಿ ಮಾರುತ್ತಿದ್ದ. ನೀಲಾ ಆಗ ಗರ್ಭಿಣಿ. ಒಂದು ದಿನ ಶ್ರೀಕಂಠ ಬಂದು ಹೊರಗೆ ನಿಂತು ಕೆಮ್ಮಿದ. "ಅಮ್ಮ, ನೀನು ಮನೆಗೆ ಬಾ. ಕೈಗೆ ಸ್ವಲ್ಪ ದೀಪದ ಕಾಡಿಗೆ ಹಚ್ಚಿಕೊಂಡ್ರೆ ಆತು. ಅಪ್ಪನೂ ಹಂಗೇ ಮಾಡ್ತಾರೆ, ದಿನಾ ಬೆಳಿಗ್ಗೆ ಸ್ನಾನ ಆದಮೇಲೆ ಹಚ್ಕೊಂಡು ಕಟ್ಟೆಗೆ ಹೋಗ್ತಾರೆ" ಎಂದ. "ನೀನೂ ಹಚ್ಕೋತೀಯಾ?" ಎಂದು ಕೇಳಿದೆ. ಅವನು ಅಂಗೈ ಬಿಡಿಸಿ ತೋರಿಸಿದ. "ನಂದು ಹಚ್ಚಿದ್ದಲ್ಲಮ್ಮ, ನಿಜವಾದದ್ದು" ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು. "ನಿನ್ನ ಹೆಂಡ್ತಿ?" ಎಂದೆ. ನೀಲಾ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. "ಅವಳ ವಿಷಯ ಬ್ಯಾಡ" ಎಂದ. ಅವಳು ಕೌದಿಗೆ ಹಾಕುತ್ತಿದ್ದ ಹೊಲಿಗೆಯನ್ನು ನಿಲ್ಲಿಸದೆ, "ಹೋಗಿ ಬರ್ರಿ" ಎಂದಳು ಗಂಡನಿಗೆ. ಅವನು ಹೋದ, ಮತ್ತೆ ಬರಲಿಲ್ಲ. ಹಾಲಪ್ಪ ಮಳೆಗಾಲ ಮುಗಿಯುವುದರೊಳಗೆ ಇನ್ನೊಂದು ಮದುವೆಯಾದ. ಮಾದೇವಿ ಎಂಬ ವಿಧವೆ, ಹೊಟ್ಟೆಗಿಲ್ಲದ ಮನೆಯವಳು. ಮದುವೆಗೆ ಊರೆಲ್ಲ ಹೋಗಿ ಉಂಡು ಬಂತು.

ಹೆರಿಗೆಗೆ ಸೂಲಗಿತ್ತಿ ಬರಲಿಲ್ಲ. ನಾನೇ ಮಾಡಿದೆ. ಹೆಣ್ಣು ಮಗು, ಗಟ್ಟಿ ದನಿ. ತಿಂಗಳೊಳಗೆ ನೀಲಾಳಿಗೆ ಜ್ವರ ಬಂದು ಎದೆಹಾಲು ಬತ್ತಿತು. ಹಾಲಿನ ಕರಿಯಪ್ಪನ ಮುಂದೆ ಚೊಂಬು ಹಿಡಿದರೆ ಅವನು ನಮ್ಮ ಮಸಿಯಿಲ್ಲದ ಕೈ ನೋಡಿ, "ನಿಮಗೆ ಹಾಕಿದ್ರೆ ಬೇರೆಯವರು ನನ್ನ ಹಾಲು ಬಿಡ್ತಾರೆ ಕಣವ್ವ" ಎಂದು ಮುಂದೆ ಹೋಗುತ್ತಿದ್ದ. ಒಳ್ಳೆಯ ಮನುಷ್ಯನೇ. ಕಾಡಿಗೆ ಹಚ್ಚಿಕೊಳ್ಳಲು ನೀಲಾ ಒಪ್ಪಲಿಲ್ಲ. ಮಗುವಿಗೆ ರಾಗಿ ಹಿಟ್ಟನ್ನು ಸೋಸಿ ಗಂಜಿ ಕುಡಿಸಿದೆವು. ಅದು ಅರ್ಧ ಕಕ್ಕುತ್ತಿತ್ತು. ಅದರ ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು.

ಬಾವಿಗೆ ಹೋಗುವ ದಾರಿ ನಮ್ಮ ಕೊಟ್ಟಿಗೆಯ ಮುಂದೆಯೇ. ಒಂದು ಬೆಳಿಗ್ಗೆ ಮಾದೇವಿ ಕೊಡ ಹೊತ್ತು ಬಂದಳು. ಎಡಗಣ್ಣು ಮುಚ್ಚಿಹೋಗಿತ್ತು, ತುಟಿ ಸೀಳಿತ್ತು. ಆ ಗುರುತುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? "ಮಾದೇವಿ" ಎಂದು ಕರೆದೆ. ಅವಳು ಬೆಚ್ಚಿ ನೀರು ತುಳುಕಿಸಿಕೊಂಡು, "ಏನೂ ಹೇಳಬ್ಯಾಡ್ರವ್ವ, ನಿಮ್ಮ ದಮ್ಮಯ್ಯ" ಎಂದು ಓಡಿದಳು. ನೀಲಾ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ಇಬ್ಬರೂ ಕಂಡಿದ್ದೆವು. ಇಬ್ಬರ ಅಂಗೈಯಲ್ಲೂ ಚುಕ್ಕೆ ಎದ್ದಿತು.

ನಾನು ಚಪ್ಪಲಿ ಮೆಟ್ಟಿದೆ. ಹಾಲಪ್ಪ ಕಟ್ಟೆಗೆ ಹೊರಡುವ ಮುಂಚೆ ಹೋಗಿ ಹೇಳಿಬರಬೇಕು, ಹೇಳಿದರೆ ಕೈ ತಿಳಿಯಾಗುತ್ತದೆ, ಮಾದೇವಿಗೂ ಒಂದೆರಡು ದಿನ ಬಿಡುವು ಸಿಗಬಹುದು. "ಬಾ, ಮಗೂನ ನಿಮ್ಮಪ್ಪನ ಹತ್ರ ಕೊಟ್ಟು ಹೋಗಾಣ" ಎಂದೆ. ನೀಲಾ ಕದಲಲಿಲ್ಲ. ತನ್ನ ಅಂಗೈಯನ್ನು ಬಿಡಿಸಿ ನೋಡುತ್ತಾ ನಿಂತಿದ್ದಳು. ಮಸಿ ಬೆರಳ ಬುಡದವರೆಗೆ ಬಂದಿತ್ತು. ಹುಟ್ಟಿದ ಮೇಲೆ ಮೊದಲ ಸಲ ಅವಳ ಕೈಗೆ ಅಷ್ಟು ಹತ್ತಿದ್ದು.

"ಅತ್ತೆ" ಎಂದಳು, "ಕರಿಯಪ್ಪ ಬರೋ ಹೊತ್ತಾತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಓಣಿಯ ತುದಿಯಲ್ಲಿ ಅವನ ಸೈಕಲ್ಲಿನ ಗಂಟೆ ಕೇಳಿಸುತ್ತಿತ್ತು. ನೀಲಾ ಚೊಂಬು ತಂದು ನನ್ನ ಕೈಗೆ ಕೊಟ್ಟಳು, ನನ್ನ ಮುಖ ನೋಡದೆ ಕೊಟ್ಟಳು. "ಇವತ್ತೊಂದಿನ" ಎಂದಳು. ಮಗು ಅಳಲೂ ಶಕ್ತಿಯಿಲ್ಲದೆ ಅವಳ ಹೆಗಲ ಮೇಲೆ ಬಾಯಿ ತೆರೆದು ಮುಚ್ಚುತ್ತಿತ್ತು. ನಾನು ಚಪ್ಪಲಿ ಬಿಟ್ಟೆ. ಕರಿಯಪ್ಪ ಬಂದ, ಚಾಚಿದ ಕೈ ನೋಡಿದ, ಏನೂ ಕೇಳಲಿಲ್ಲ. ಅವನ ಮುಖದಲ್ಲಿ ನಿಜವಾಗಿಯೂ ಸಂತೋಷ ಕಾಣಿಸಿತು. "ಬಂದ್ರಲ್ಲ ದಾರಿಗೆ, ಆತು ಬಿಡ್ರವ್ವ" ಎಂದು ಅಳತೆಗಿಂತ ಒಂದಿಷ್ಟು ಹೆಚ್ಚೇ ಹಾಕಿದ.

ಹಾಲು ಕಾಯಿಸಿ ಆರಿಸಿ ಒಳಲೆಯ ಪುಟ್ಟ ಬಟ್ಟಲಿನಿಂದ ಕುಡಿಸಿದೆವು. ಮಗು ಒಂದು ಹನಿಯನ್ನೂ ಕಕ್ಕಲಿಲ್ಲ. ಹೊಟ್ಟೆ ತುಂಬಿ, ತುಟಿಯ ಅಂಚಿನಲ್ಲಿ ಹಾಲು ಹಾಗೇ ಇಟ್ಟುಕೊಂಡು ನಿದ್ದೆ ಹೋಯಿತು. ನೀಲಾ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು, ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಹೊತ್ತು ಏರಿತ್ತು. ಹಾಲಪ್ಪ ಕಟ್ಟೆ ಮುಗಿಸಿ ಮನೆಗೆ ಬಂದಿರಬೇಕು, ಮಾದೇವಿ ರೊಟ್ಟಿ ಬಡಿಯುತ್ತಿರಬೇಕು.